ಬೆನ್ನು ತೋರಿಸಿ ಕೂತವಳ ಗುಣದೋಷ

ಊರವರ ಬರಹದಲ್ಲಿ ತಪ್ಪು ಹೆಕ್ಕಿ ಹೊಟ್ಟೆ ಹೊರೆಯುವವರ ತಲೆಗೆ ಒಂದಲ್ಲ ಒಂದು ದಿನ ತಾವೂ ಬರೆಯಬೇಕೆಂಬ ಹುಳ ಹೊಕ್ಕೇ ಹೊಗುತ್ತದೆ. ವಿರಾಮಪ್ಪನವರ ತಲೆಗೆ ಅದು ಹೊಕ್ಕಿದ್ದು ಐವತ್ತು ದಾಟಿದ ಮೇಲೆ, ವಾರಪತ್ರಿಕೆಯ ಸೋಮವಾರದ ಸಭೆಯಲ್ಲಿ, ಚಹಾದಲ್ಲಿ ಅದ್ದಿದ ಬಿಸ್ಕತ್ತು ಮುರಿದು ತಳ ಸೇರಿದ ಹೊತ್ತಿಗೆ ಸರಿಯಾಗಿ.

ವಿರಾಮಪ್ಪ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಅವರು ಪತ್ರಿಕೆಯ ಕರಡು ತಿದ್ದುವವರು. ಯಾರ ವಾಕ್ಯ ಸ್ವಲ್ಪ ಉದ್ದವಾದರೂ ಅದರ ಸೊಂಟ ಮುರಿದು ಪೂರ್ಣವಿರಾಮ ಇಡುತ್ತಿದ್ದರಿಂದ ಕಚೇರಿಯವರು ಹಾಗೆ ಕರೆದರು. ಕ್ರಮೇಣ ಮನೆಯವರೂ ಅದನ್ನೇ ಬಳಸತೊಡಗಿ, ನಿಜವಾದ ಹೆಸರು ಬ್ಯಾಂಕಿನವರಿಗೆ ಮಾತ್ರ ನೆನಪಿತ್ತು.

ಅಂದು ಸಂಪಾದಕರು ಒಂದು ತೊಡಕು ಮುಂದಿಟ್ಟರು. ವಿಡಿಯೋ ಗೇಮುಗಳ ವಿಮರ್ಶೆ ಬರೆಯುತ್ತಿದ್ದಾಕೆ ಕೆಲಸ ಬಿಟ್ಟಿದ್ದಳು. ಈಗ ಟಿವಿಗೆ ಸಿಕ್ಕಿಸಿ ಆಡುವ ಕನ್ಸೋಲ್ ಗೇಮುಗಳಲ್ಲಿ ಕಥೆಯೇ ಪ್ರಧಾನವಾದಂಥವು ಬರುತ್ತಿವೆಯಂತೆ, ಆಡುತ್ತ ಆಡುತ್ತ ಜನ ಅಳುತ್ತಾರಂತೆ. ಅಂಥವುಗಳ ಗುಣವೇನು, ದೋಷವೇನು ಎಂದು ತೂಗಿ ಹೇಳುವವರು ಬೇಕಾಗಿತ್ತು. ಸಿನಿಮಾ ವಿಮರ್ಶಕ ಮೂಗು ಮುರಿದು, ಗುಂಡಿ ಒತ್ತುವ ಮಕ್ಕಳಾಟಕ್ಕೆ ತನ್ನನ್ನು ಎಳೆಯಬೇಡಿ ಎಂದ. ಈತನ ವಾಕ್ಯಗಳು ಗೂಡ್ಸ್ ಗಾಡಿಯಷ್ಟು ಉದ್ದ. ವಿರಾಮಪ್ಪನವರಿಗೂ ಈತನಿಗೂ ಎಣ್ಣೆ ಸೀಗೆಕಾಯಿ ಸಂಬಂಧ. ಈತ ಬೇಡ ಎಂದದ್ದೇ ಸಾಕಾಯಿತು.

“ಕಥೆ ಇರೋ ಆಟ ತಾನೆ? ನನಗೆ ಬಿಡಿ,” ಎಂದರು ವಿರಾಮಪ್ಪ. “ನನಗೇನೂ ಹೊಸದಲ್ಲ.”

ಹೊಸದಲ್ಲ ಎಂಬ ಮಾತಿಗೆ ಆಧಾರವಿಲ್ಲದೆ ಇರಲಿಲ್ಲ. ಹಳೆಯ ವಿಮರ್ಶಕಿಯ ಬರಹದಲ್ಲಿ ‘ಕನ್ಸೋಲ್’ ಎಂಬ ಪದದ ಕಾಗುಣಿತವನ್ನು ಅವರು ಹಲವು ಸಲ ತಿದ್ದಿದ್ದರು. ಇದನ್ನು ಅನುಭವ ಎನ್ನಬಾರದೆಂದು ಯಾವ ಶಾಸ್ತ್ರವೂ ಹೇಳಿಲ್ಲ.

ಸಂಜೆ ಅವರು ಕನ್ಸೋಲಿನ ಪೆಟ್ಟಿಗೆ ಹೊತ್ತು ಮನೆಗೆ ಬಂದರು. ಮನೆಯಲ್ಲಿ ಇದ್ದದ್ದು ಮೂವರೇ. ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವ ಹೆಂಡತಿ, ಮಂಡಿಯ ಆಪರೇಷನ್ ಆದ ಮೇಲೆ ಮಗಳ ಮನೆಗೆ ಬಂದು ಟಿವಿ ಎದುರಿನ ಕುರ್ಚಿಯನ್ನು ಸ್ವಂತ ಮಾಡಿಕೊಂಡ ಅತ್ತೆ, ಮತ್ತು ಇವರು. ಪೆಟ್ಟಿಗೆ ಜೋಡಿಸಲು ಕೆಳಮನೆಯ ಎಲೆಕ್ಟ್ರಿಷಿಯನ್‌ನನ್ನು ಕರೆದರು. ಅವನು ತಂತಿ ಸಿಕ್ಕಿಸಿ, ಎರಡು ಕೈಯಲ್ಲಿ ಹಿಡಿಯುವ ಕಪ್ಪನೆಯ ಕಂಟ್ರೋಲರಿನಲ್ಲಿ ಏನೇನೋ ಒತ್ತಿದ. ಭಾಷೆ ಯಾವುದು ಎಂದು ಅದು ಕೇಳಿತಂತೆ, ಮೇಲಿದ್ದದ್ದನ್ನೇ ಒತ್ತಿದನಂತೆ. ಕಂಟ್ರೋಲರ್ ಚಾರ್ಜಿಗೆ ಹಾಕಿರುವುದಾಗಿಯೂ, ಪೆಟ್ಟಿಗೆಯನ್ನು ಆರಿಸದೆ ಟಿವಿಯನ್ನಷ್ಟೇ ಆರಿಸಬೇಕೆಂದೂ ಹೇಳಿ, ಇನ್ನು ನಿಮ್ಮ ಪಾಡು ಎಂದು ಹೊರಟುಹೋದ. ಕಂಟ್ರೋಲರ್ ಅಡುಗೆಮನೆಯ ಫ್ರಿಜ್ಜಿನ ಮೇಲೆ ಬೆಚ್ಚಗೆ ಮಲಗಿತು. ಅದು ಯಾತಕ್ಕೆ ಎಂದು ವಿರಾಮಪ್ಪ ಕೇಳಲಿಲ್ಲ. ಹೊಸದಲ್ಲ ಎಂದವರು ಕೇಳುವುದು ಹೇಗೆ?

ಟಿವಿಯಲ್ಲಿ ಕಡಲು ಮೂಡಿತು. ಕಡಲಿಗೆ ಇಳಿಯುವ ಕಲ್ಲಿನ ಮೆಟ್ಟಿಲು. ಮೆಟ್ಟಿಲ ಮೇಲೆ ಒಬ್ಬ ಹೆಂಗಸು, ನಮಗೆ ಬೆನ್ನು ಮಾಡಿ ಕೂತಿದ್ದಳು. ಪಕ್ಕದಲ್ಲಿ ಒಂದು ಲಾಟೀನು. ಗಾಳಿಗೆ ಅವಳ ಸೆರಗಿನಂಥ ಬಟ್ಟೆ ಹಾರುತ್ತಿತ್ತು. ಒಂದು ಹಕ್ಕಿ ಬಂದು ಕಂಬದ ಮೇಲೆ ಕೂತು, ಯೋಚನೆ ಮಾಡಿ, ಹಾರಿಹೋಯಿತು. ತಳದಲ್ಲಿ ಯಾವುದೋ ಪರದೇಶದ ಲಿಪಿಯಲ್ಲಿ ಒಂದು ಸಾಲು ಮಿಣುಮಿಣುಕುತ್ತಿತ್ತು. ಅದು ‘ಯಾವುದಾದರೂ ಗುಂಡಿ ಒತ್ತಿರಿ’ ಎಂದಿರಬಹುದೆಂದು ಆ ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ. ವಿರಾಮಪ್ಪನವರು ಅದನ್ನು ಕವಿತೆ ಎಂದು ತೀರ್ಮಾನಿಸಿದರು.

ಸ್ವಲ್ಪ ಹೊತ್ತು ನೋಡಿದ ಹೆಂಡತಿ, ಆಟ ಅಂದರೆ ಆಡುವುದಲ್ಲವೇ ಎಂದು ಸಂಶಯ ಎತ್ತಿದಳು.

“ಇದು ಕಥಾಪ್ರಧಾನ ಆಟ ಕಣೇ,” ಎಂದರು ವಿರಾಮಪ್ಪ, ತಗ್ಗಿದ ದನಿಯಲ್ಲಿ. “ಇದರಲ್ಲಿ ಆಡೋದು ಕಥೆ. ನಾವಲ್ಲ.”

ಅತ್ತೆಯವರು ಮೊದಲು ತಮ್ಮ ಧಾರಾವಾಹಿ ತಪ್ಪಿತೆಂದು ಮುಖ ಊದಿಸಿಕೊಂಡಿದ್ದರು. ಆದರೆ ಆ ಹೆಂಗಸು ಹೀಗೆ ಚಳಿಗಾಳಿಯಲ್ಲಿ ಕೂತಿರುವುದನ್ನು ನೋಡುತ್ತ ನೋಡುತ್ತ ಅವರ ಕೈಯಲ್ಲಿದ್ದ ಹೆಣಿಗೆ ನಿಂತಿತು. ಇವಳು ಯಾರಿಗೋ ಕಾಯುತ್ತಿದ್ದಾಳೆ, ಬರಬೇಕಾದವರು ಬಂದಿಲ್ಲ, ಎಂದರು. ಅಷ್ಟು ಸಾಕಾಯಿತು. ಮರುದಿನ ಕಚೇರಿಯಿಂದ ಬಂದ ವಿರಾಮಪ್ಪ ಚಪ್ಪಲಿ ಬಿಡುವ ಮೊದಲೇ ಕೇಳಿದ್ದು, ಎದ್ದಳಾ ಎಂದು. ಇಲ್ಲ, ಹಕ್ಕಿ ಮಾತ್ರ ಬಂದು ಹೋಗುತ್ತಿದೆ ಎಂದರು ಅತ್ತೆ.

ವಾರ ಕಳೆಯುವುದರೊಳಗೆ ಸುದ್ದಿ ಮಹಡಿ ಹತ್ತಿತು. ಮೇಲ್ಮನೆಯಲ್ಲಿ ನಿವೃತ್ತ ಸ್ಟೇಷನ್ ಮಾಸ್ಟರರೂ ಅವರ ಹೆಂಡತಿಯೂ ಇದ್ದರು. ಕಾಯುವವರ ವಿಷಯದಲ್ಲಿ ಸ್ಟೇಷನ್ ಮಾಸ್ಟರರಷ್ಟು ಅನುಭವ ಯಾರಿಗಿದೆ? ಅವರು ಇಳಿದು ಬಂದು, ಕನ್ನಡಕ ಏರಿಸಿ, ಬಹಳ ಹೊತ್ತು ನೋಡಿ, ಇವಳು ಕಾಯುತ್ತಿಲ್ಲ, ದೋಣಿ ತಪ್ಪಿಸಿಕೊಂಡಿದ್ದಾಳೆ ಎಂದು ತೀರ್ಪು ಕೊಟ್ಟರು. ಬರುವವರಿಗೆ ಕಾಯುವವರ ಕತ್ತು ಮುಂದಕ್ಕೆ ಚಾಚಿರುತ್ತದಂತೆ. ಹೊರಟುಹೋದದ್ದನ್ನು ನೋಡುವವರ ಭುಜ ಇಳಿದಿರುತ್ತದಂತೆ. ಅತ್ತೆಯವರಿಗೆ ಇದು ಸರಿ ಬರಲಿಲ್ಲ. ಒಂಟಿ ಹೆಂಗಸಿನ ಭುಜ ನೋಡಿ ಅವಳ ನಡತೆ ಹೇಳುವುದು ದೊಡ್ಡವರ ಲಕ್ಷಣವಲ್ಲ ಎಂದರು. ಸ್ಟೇಷನ್ ಮಾಸ್ಟರರ ಹೆಂಡತಿ, ಆಶ್ಚರ್ಯವೆಂದರೆ, ಅತ್ತೆಯವರ ಪಕ್ಷ ಸೇರಿದರು. ಮರುದಿನ ಗಂಡ ಹೆಂಡಿರು ಬೇರೆ ಬೇರೆ ಹೊತ್ತಿಗೆ ಬಂದು ನೋಡಿದರು.

ಇಷ್ಟೆಲ್ಲ ಆದ ಮೇಲೆ ವಿರಾಮಪ್ಪ ವಿಮರ್ಶೆ ಬರೆದರು. ‘ಕಡಲ ಮೆಟ್ಟಿಲು’ ಎಂಬ ಆ ಆಟದ ಗುಣಗಳೆಂದರೆ, ಅಪಾರ ಸಂಯಮ. ಮುಖ ತೋರಿಸದೆ ಬೆನ್ನಿನಿಂದಲೇ ಪಾತ್ರ ಕಟ್ಟುವ ಧೈರ್ಯ. ಒಂದೇ ಒಂದು ಮಾತಿಲ್ಲದೆ ಒಂದು ಸಂಸಾರವನ್ನು ಎರಡು ಪಕ್ಷವಾಗಿ ಒಡೆಯಬಲ್ಲ ಶಕ್ತಿ. ದೋಷಗಳೆಂದರೆ, ಹಕ್ಕಿಯ ಪುನರಾವರ್ತನೆ ಅತಿಯಾಯಿತು, ಮತ್ತು ದ್ವಿತೀಯಾರ್ಧ ತುಸು ಎಳೆದಂತಿದೆ. ಕೊನೆಯಲ್ಲಿ ಒಂದು ಸಾಲು ಸೇರಿಸಿದರು. ‘ಅವಳು ಏಳದಿರುವುದೇ ಒಳ್ಳೆಯದು. ಎದ್ದರೆ ಕಥೆ ಕೆಡುತ್ತದೆ.’

ಈಗ ಓದುಗರಿಗೆ ಒಂದು ವಿಷಯ ತಿಳಿಸಬೇಕು. ಗುಂಡಿ ಒತ್ತಿದ ಕೂಡಲೇ ಆ ಹೆಂಗಸು ಎದ್ದು, ಮೆಟ್ಟಿಲ ಕೆಳಗೆ ಅಡಗಿಸಿಟ್ಟ ಕತ್ತಿ ಎಳೆದುಕೊಂಡು, ಕಡಲಿಂದ ಬರುವ ರಾಕ್ಷಸರನ್ನು ಸಾಲು ಸಾಲಾಗಿ ಕಡಿಯುತ್ತಾಳೆ. ಆಟ ಶುರುವಾಗುವುದೇ ಅಲ್ಲಿಂದ. ವಿರಾಮಪ್ಪನವರು ಬರೆದದ್ದು ಪುಸ್ತಕದ ರಟ್ಟಿನ ವಿಮರ್ಶೆ.

ಆಟವನ್ನು ಪೂರ್ತಿ ಆಡಿದ್ದ ಜನ ಅದನ್ನು ಓದಿ ದಂಗಾದರು. ಅವಳು ಏಳಬಾರದಿತ್ತು ಎಂದು ಇದುವರೆಗೆ ಯಾರೂ ಹೇಳಿರಲಿಲ್ಲ. ಅಷ್ಟೂ ರಾಕ್ಷಸರ ಬಗ್ಗೆ ಒಂದೇ ಒಂದು ಅಕ್ಷರ ಬರೆಯದೆ ಬಿಟ್ಟದ್ದು ಎಂಥ ಚಾಟಿಯೇಟು ಎಂದು ಕೆಲವರು ಕೊಂಡಾಡಿದರು. ಕೆಲವರು ಸಿಟ್ಟಿಗೆದ್ದು, ಈ ಮನುಷ್ಯ ಆಟಗಳ ಶತ್ರು ಎಂದರು. ಬೈದವರಿಂದ ಹೆಸರು ಇನ್ನಷ್ಟು ದೊಡ್ಡದಾಯಿತು. ಸಂಪಾದಕರು ವಿರಾಮಪ್ಪನವರ ಬೆನ್ನು ತಟ್ಟಿ, ಇಷ್ಟು ದಿನ ಇದನ್ನೆಲ್ಲ ಎಲ್ಲಿ ಬಚ್ಚಿಟ್ಟಿದ್ದಿರಿ ಎಂದು ಕೇಳಿದರು. ವಿರಾಮಪ್ಪನವರಿಗೂ ಅದೇ ಪ್ರಶ್ನೆ ಇತ್ತು. ಸಿನಿಮಾ ವಿಮರ್ಶಕ ಮಾತ್ರ ದೂರದಿಂದ ಹಲ್ಲಿಯ ಹಾಗೆ ದಿಟ್ಟಿಸುತ್ತಿದ್ದ.

ಹೀಗಿರುವಾಗ ಆಟಗಾರರ ಸಂಘದವರು ಬಂದು, ವರ್ಷದ ಅತ್ಯುತ್ತಮ ಕಥಾಪ್ರಧಾನ ಆಟಕ್ಕೆ ಕೊಡುವ ಪ್ರಶಸ್ತಿಗೆ ಇವರೇ ಮುಖ್ಯ ತೀರ್ಪುಗಾರರಾಗಬೇಕೆಂದು ಕೇಳಿಕೊಂಡರು. ಬೇಡ ಎನ್ನಲು ವಿರಾಮಪ್ಪ ಬಾಯಿ ತೆರೆದರು. ಅಷ್ಟರಲ್ಲಿ ಸಿನಿಮಾ ವಿಮರ್ಶಕ ಆ ಕಡೆಯಿಂದ ಹಾದುಹೋದ. ಬಾಯಿಂದ ಬಂದದ್ದು ‘ಆಗಲಿ’ ಎಂದು.

ತೀರ್ಪುಗಾರರು ಇನ್ನಿಬ್ಬರಿದ್ದರು. ವಿಶ್ವವಿದ್ಯಾಲಯದಲ್ಲಿ ಗೇಮುಗಳ ಬಗ್ಗೆಯೇ ಪಾಠ ಹೇಳುವ ಪ್ರಾಧ್ಯಾಪಕಿ ಒಬ್ಬರು, ಗೇಮ್ ಅಂಗಡಿಯ ಮಾಲೀಕ ಒಬ್ಬ. ಮೂವರೂ ಸಂಘದ ಕೋಣೆಯಲ್ಲಿ ಕೂತರು. ಅಂಗಡಿಯವನು ತನ್ನ ಕಸುಬಿನ ಮಾತಿನಲ್ಲಿ ಹೇಳಿದ. ಇಂಥ ಆಟಗಳ ದೊಡ್ಡ ದೋಷವೆಂದರೆ ಕಥೆ ಒಂದು ದಾರಿ, ಆಟ ಒಂದು ದಾರಿ. ಯಾರೋ ಒಬ್ಬರು ಸತ್ತರೆಂದು ನಾಯಕಿ ಗೋಳಾಡಿ ಅಳುತ್ತಾಳೆ, ಕಣ್ಣೊರೆಸಿಕೊಂಡು ಒಂದು ಊರು ಜನರನ್ನು ಕಡಿಯುತ್ತಾಳೆ. ಪ್ರಾಧ್ಯಾಪಕಿ ಒಪ್ಪಿದರು. ಆದರೆ ಗುಣವೂ ಅಲ್ಲೇ ಇದೆ ಎಂದರು. ಸಿನಿಮಾದಲ್ಲಿ ಪಾತ್ರ ಸೋತರೆ ಪಾತ್ರ ಸೋತಂತೆ, ಇಲ್ಲಿ ನಾವೇ ಸೋತಂತೆ. ವಿರಾಮಪ್ಪ ಎರಡೂ ಮಾತಿಗೆ ತಲೆಯಾಡಿಸಿದರು. ಕಡಿಯುವುದು ಎಲ್ಲಿಂದ ಬಂತು ಎಂಬುದು ಅವರಿಗೆ ಹೊಳೆಯಲಿಲ್ಲ. ಬೇರೆ ಯಾವುದೋ ಆಟದ ಮಾತಿರಬೇಕು ಎಂದುಕೊಂಡರು.

ಆಗ ಅಂಗಡಿಯವನು ಇವರ ಕಡೆ ತಿರುಗಿದ. “ಸರ್, ‘ಕಡಲ ಮೆಟ್ಟಿಲು’ ಬಗ್ಗೆ ಕೇಳಬೇಕಿತ್ತು. ತಂಗಿ ಸಾಯೋ ಜಾಗ ನಿಮಗೆ ಹೇಗನ್ನಿಸ್ತು?”

ವಿರಾಮಪ್ಪ ಕುರ್ಚಿಯಿಂದ ಅರ್ಧ ಎದ್ದರು. “ತಂಗಿ ಇದ್ದಾಳಾ?”

ಪ್ರಾಧ್ಯಾಪಕಿ ನಿಧಾನವಾಗಿ ಪೆನ್ನು ಕೆಳಗಿಟ್ಟರು. “ಅದೇ ಪ್ರಶ್ನೆ,” ಎಂದರು. “ಇದ್ದಾಳಾ, ಅಥವಾ ಅವಳ ನೆನಪಿನಲ್ಲಿ ಮಾತ್ರ ಇದ್ದಾಳಾ? ನಾನು ಇಡೀ ಆಟ ಆಡಿದೆ, ಇದನ್ನ ಕೇಳಿಕೊಳ್ಳಲೇ ಇಲ್ಲ.”

ಸಭೆ ಅಲ್ಲಿಗೆ ಮುಗಿಯಿತು. ವಿರಾಮಪ್ಪ ಭಾರವಾದ ಹೆಜ್ಜೆ ಇಡುತ್ತ ಮನೆಗೆ ಬಂದರು. ಅತ್ತೆಯವರ ಪಕ್ಕದಲ್ಲಿ ಕೂತು, ಹೇಳಬೇಕೋ ಬಾರದೋ ಎಂದು ಯೋಚಿಸಿ, ಕೊನೆಗೆ ಹೇಳಿಯೇಬಿಟ್ಟರು. ಅವಳಿಗೆ ಒಬ್ಬ ತಂಗಿ ಇದ್ದಳಂತೆ, ತೀರಿಕೊಂಡಳಂತೆ. ಅತ್ತೆಯವರು ಬಹಳ ಹೊತ್ತು ಪರದೆ ನೋಡಿದರು.

“ಇವಳಿಗೆ ಗೊತ್ತಾ?”

“ಇನ್ನೂ ಗೊತ್ತಿಲ್ಲ ಅನ್ಸತ್ತೆ ಅತ್ತೆ. ಸುಮ್ನೆ ಕೂತಿದ್ದಾಳಲ್ಲ.”

ಅಂದು ಟಿವಿಯ ಸದ್ದು ತಗ್ಗಿಸಿದರು. ಸುದ್ದಿ ಕೇಳಿ ಮೇಲ್ಮನೆಯ ದಂಪತಿಗಳು ಬಹಳ ದಿನಗಳ ಮೇಲೆ ಒಟ್ಟಿಗೆ ಇಳಿದು ಬಂದರು. ಸ್ಟೇಷನ್ ಮಾಸ್ಟರರು ದೋಣಿ ತಪ್ಪಿಸಿಕೊಂಡವಳೆಂಬ ತಮ್ಮ ಮಾತನ್ನು ಹಿಂದಕ್ಕೆ ತೆಗೆದುಕೊಂಡರು. ವಿರಾಮಪ್ಪನವರ ಹೆಂಡತಿ ಮಾತ್ರ ಅಡುಗೆಮನೆಯಿಂದ ತಟ್ಟೆಗಳನ್ನು ತರುತ್ತ, ಈ ಆಟವನ್ನು ಬೇರೆಯವರ ಮನೆಯಲ್ಲೂ ಹೀಗೇ ಆಡುತ್ತಾರಾ ಎಂದು ಕೇಳಿದಳು. ಸಾವಿನ ಮನೆಯಲ್ಲಿ ಇಂಥ ಪ್ರಶ್ನೆಗೆ ಯಾರು ಉತ್ತರ ಕೊಡುತ್ತಾರೆ?

ಪ್ರಶಸ್ತಿಯ ದಿನ ಬಂತು. ಸಭಾಂಗಣ ತುಂಬಿತ್ತು. ಮೊದಲ ಸಾಲಿನಲ್ಲಿ ಹೆಂಡತಿ, ಪಕ್ಕದಲ್ಲಿ ಊರುಗೋಲು ಹಿಡಿದ ಅತ್ತೆ, ಅವರಾಚೆ ಸಂಪಾದಕರು, ತುದಿಯಲ್ಲಿ ಸಿನಿಮಾ ವಿಮರ್ಶಕ. ಸ್ಟೇಷನ್ ಮಾಸ್ಟರರು ನೆಗಡಿಯಾಗಿ ಮನೆಯಲ್ಲೇ ಉಳಿದಿದ್ದರು. ಕೊನೆಯ ಸುತ್ತಿಗೆ ಬಂದ ಆಟಗಳಲ್ಲಿ ‘ಕಡಲ ಮೆಟ್ಟಿಲು’ ಇತ್ತು. ಮುಖ್ಯ ತೀರ್ಪುಗಾರರು ಅದರ ಆರಂಭವನ್ನು ತಾವೇ ಆಡಿ ತೋರಿಸಿ, ಗುಣದೋಷ ಹೇಳಿ, ತೀರ್ಪು ಕೊಡಬೇಕೆಂದು ನಿರೂಪಕಿ ಪ್ರಕಟಿಸಿದಳು.

ವೇದಿಕೆಯ ದೊಡ್ಡ ಪರದೆಯ ಮೇಲೆ ಕಡಲು ಮೂಡಿತು. ಮೆಟ್ಟಿಲು, ಲಾಟೀನು, ಅವಳು. ಪರಿಚಯದವರನ್ನು ಕಂಡಂತೆ ವಿರಾಮಪ್ಪನವರಿಗೆ ಹಾಯೆನಿಸಿತು. ಕುರ್ಚಿಗೆ ಒರಗಿ ನೋಡತೊಡಗಿದರು. ಹಕ್ಕಿ ಬಂತು, ಹೋಯಿತು. ಇದೂ ಒಂದು ವಿಮರ್ಶೆ ಎಂದು ಕೆಲವರಿಗೆ ಅನಿಸಿ, ಅವರೂ ನೋಡತೊಡಗಿದರು. ಹಕ್ಕಿ ಮತ್ತೆ ಬಂತು. ಹಿಂದಿನ ಸಾಲಿನಲ್ಲಿ ಒಬ್ಬ ಕೆಮ್ಮಿದಾಗ ಪಕ್ಕದವರು ಅವನನ್ನು ದುರುಗುಟ್ಟಿ ನೋಡಿದರು. ಕೊನೆಗೆ ನಿರೂಪಕಿಯೇ ತಾಳ್ಮೆಗೆಟ್ಟು, “ಸರ್, ಇದು ನಿಮ್ಮ ಕೈಗೆ,” ಎಂದು ಕಂಟ್ರೋಲರನ್ನು ಅವರ ಅಂಗೈಗಳ ನಡುವೆ ಇಟ್ಟಳು.

ಇದು ಫ್ರಿಜ್ಜಿನ ಮೇಲಿನ ವಸ್ತುವಲ್ಲವೇ ಎಂದು ವಿರಾಮಪ್ಪ ಅದನ್ನು ತಿರುಗಿಸಿ ನೋಡಿದರು. ಬೆರಳು ಎಲ್ಲೋ ತಗುಲಿತು.

ಅವಳು ಎದ್ದಳು.

ಇಷ್ಟು ದಿನ ಅಲ್ಲಾಡದವಳು ಎದ್ದು, ನಿಧಾನವಾಗಿ ಈ ಕಡೆ ತಿರುಗತೊಡಗಿದಳು. ಮೊದಲ ಸಾಲಿನಿಂದ ಅತ್ತೆಯವರ ದನಿ ಕೇಳಿಸಿತು: “ಎದ್ದಳಲ್ಲೇ.” ತಾನೇನೋ ಮಾಡಬಾರದ್ದು ಮಾಡಿದೆ, ಅವಳನ್ನು ಮತ್ತೆ ಕೂರಿಸಬೇಕು ಎಂದು ವಿರಾಮಪ್ಪ ತಲೆ ತಗ್ಗಿಸಿ, ಕೈಯಲ್ಲಿದ್ದ ಗುಂಡಿಗಳನ್ನೆಲ್ಲ ಒತ್ತಿದರು, ಸಣ್ಣ ಗುಬುಟುಗಳನ್ನೆಲ್ಲ ತಿರುವಿದರು. ಇವರ ಹೆಬ್ಬೆರಳು ಯಾವ ಕಡೆ ಹೋಯಿತೋ ಅವಳೂ ಆ ಕಡೆಗೇ ನಡೆದಳು. ಒಂದು ಮೆಟ್ಟಿಲು ಇಳಿದಳು. ಇನ್ನೊಂದು ಇಳಿದಳು. ಆಮೇಲೆ ಮೆಟ್ಟಿಲಿರಲಿಲ್ಲ. ಬುಳಕ್ಕೆಂದು ಸದ್ದಾಯಿತು. ಪರದೆ ಕೆಂಪಾಯಿತು.

ವಿರಾಮಪ್ಪ ಎದ್ದು ನಿಂತರು. ಬರೆದು ತಂದ ಭಾಷಣ ಜೇಬಿನಲ್ಲೇ ಉಳಿಯಿತು.

“ಗುಣ ಏನಂದ್ರೆ,” ಎಂದರು, “ಇವಳು ಯಾರೋ ಏನೋ. ಇವಳಿಗೋಸ್ಕರ ಇಷ್ಟು ದಿನ ನಮ್ಮನೇಲಿ ಯಾರೂ ಸರಿಯಾಗಿ ಊಟ ಮಾಡಿಲ್ಲ. ದೋಷ ಏನಂದ್ರೆ, ಇವಳ ಜೀವಾನ ನನ್ನ ಕೈಗೆ ಕೊಟ್ಟುಬಿಟ್ಟಿದ್ದಾರೆ. ನನ್ನಂಥೋನ ಕೈಗೆ ಕೊಡ್ತಾರಾ ಯಾರಾದ್ರೂ?” ಅವರು ಕಂಟ್ರೋಲರನ್ನು ನಿರೂಪಕಿಗೆ ಹಿಂದಿರುಗಿಸಿದರು. “ನಿಜ ಹೇಳ್ತೀನಿ. ಇವತ್ತಿನವರೆಗೆ ನಾನು ಒಂದು ಗುಂಡಿನೂ ಒತ್ತಿರಲಿಲ್ಲ. ಇವಳು ಕೂತಿದ್ದಷ್ಟೇ ಕಥೆ ಅಂದ್ಕೊಂಡಿದ್ದೆ.”

ಪ್ರಾಧ್ಯಾಪಕಿ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅವರ ಹಿಂದೆ ಇಡೀ ಸಭಾಂಗಣ ಎದ್ದಿತು.

ಸಿನಿಮಾ ವಿಮರ್ಶಕನೂ ಎದ್ದ, ಆದರೆ ಚಪ್ಪಾಳೆಗಲ್ಲ. ಇವರು ಹೇಳುತ್ತಿರುವುದು ಅಕ್ಷರಶಃ ನಿಜ, ಇವರಿಗೆ ಈ ಆಟ ಆಡಲು ಬರುವುದಿಲ್ಲ, ನನಗೆ ಮೊದಲಿನಿಂದಲೂ ಈ ಅನುಮಾನವಿತ್ತು ಎಂದು ಕೂಗಿ ಹೇಳಿದ. ಮನೆಯವರನ್ನು ಬಿಟ್ಟರೆ ಅಷ್ಟು ದೊಡ್ಡ ಸಭೆಯಲ್ಲಿ ಸತ್ಯ ಗೊತ್ತಿದ್ದವನು ಅವನೊಬ್ಬನೇ. ಜನ ಅವನನ್ನು ಹಿಡಿದು ಕೂರಿಸಿದರು. ಇಂಥವರಿಗೆ ವ್ಯಂಗ್ಯ ಅರ್ಥವಾಗುವುದಿಲ್ಲ ಎಂದು ಅಂಗಡಿಯವನು ಮೈಕಿನಲ್ಲೇ ವಿಷಾದಿಸಿದ. ಪ್ರಶಸ್ತಿ ‘ಕಡಲ ಮೆಟ್ಟಿಲಿ’ಗೆ ಹೋಯಿತು. ಯಾರು ತೀರ್ಪು ಕೊಟ್ಟರು, ಯಾವಾಗ ಕೊಟ್ಟರು ಎಂಬುದು ವಿರಾಮಪ್ಪನವರಿಗೆ ಇಂದಿಗೂ ತಿಳಿಯದು.

ಮನೆಯ ಮುಂದೆ ಕಾರು ಇಳಿದ ಮೇಲೆ ಅತ್ತೆಯವರು, ತಮ್ಮಷ್ಟಕ್ಕೇ ಎಂಬಂತೆ, ಕೂತವಳನ್ನು ಎಬ್ಬಿಸಿ ನೀರಿಗೆ ನೂಕಿದಂತಾಯಿತು ಎಂದರು. ಅಳಿಯ ತಲೆ ತಗ್ಗಿಸಿದರು. ಅಷ್ಟರಲ್ಲಿ ಸ್ಟೇಷನ್ ಮಾಸ್ಟರರು ಮೂಗಿಗೆ ಕರವಸ್ತ್ರ ಒತ್ತಿಕೊಂಡೇ ಇಳಿದು ಬಂದರು. ನಡೆದದ್ದನ್ನೆಲ್ಲ ಕೇಳಿ, ಒಂದೇ ಪ್ರಶ್ನೆ ಕೇಳಿದರು.

“ತಿರುಗಿದಳು ಅಂದ್ರಲ್ಲ. ಮುಖ ಹೇಗಿತ್ತು?”

ವಿರಾಮಪ್ಪ ಅತ್ತೆಯವರ ಮುಖ ನೋಡಿದರು. ಅತ್ತೆಯವರು ಮಗಳ ಮುಖ ನೋಡಿದರು. ವಿಚಾರಣೆ ನಡೆಯಿತು. ವಿರಾಮಪ್ಪ ಆಗ ತಲೆ ತಗ್ಗಿಸಿ ಗುಂಡಿ ಹುಡುಕುತ್ತಿದ್ದರು. ಅತ್ತೆಯವರು ಕಣ್ಣು ಮಂಜಾಯಿತೆಂದು ಕನ್ನಡಕ ತೆಗೆದು ಒರೆಸುತ್ತಿದ್ದರು. ಹೆಂಡತಿ, ಈ ಮನುಷ್ಯ ಎಲ್ಲಿ ತಲೆ ತಿರುಗಿ ಬೀಳುತ್ತಾರೋ ಎಂದು ಗಂಡನನ್ನೇ ನೋಡುತ್ತಿದ್ದಳಂತೆ. ಇಷ್ಟು ದಿನ ಕಾದು, ಅವಳ ಮುಖವನ್ನು ಯಾರೂ ನೋಡಿರಲಿಲ್ಲ.

ಮರುದಿನ ಭಾನುವಾರ. ಬೆಳಗಿನ ಚಹಾದ ಹೊತ್ತಿಗೆ ಎಲ್ಲರೂ ಟಿವಿಯ ಮುಂದೆ ಸೇರಿದರು. ಅವಳು ಮೆಟ್ಟಿಲ ಮೇಲೆ, ಏನೂ ನಡೆದೇ ಇಲ್ಲವೆಂಬಂತೆ ಬೆನ್ನು ಮಾಡಿ ಕೂತಿದ್ದಳು. ನಿನ್ನೆ ಸತ್ತವಳು ಇಂದು ಹೇಗೆ ಕೂತಳೆಂದು ವಿರಾಮಪ್ಪನವರಿಗೆ ದಿಗಿಲಾಯಿತು. ಹೆಂಡತಿ ಆಗ ಎಲೆಕ್ಟ್ರಿಷಿಯನ್‌ನನ್ನು ಕೇಳಿ ಬಂದ ವಿಷಯ ಹೇಳಿದಳು. ಎಷ್ಟು ಸಲ ಸತ್ತರೂ ಗುಂಡಿ ಒತ್ತಿದರೆ ಮತ್ತೆ ಏಳುತ್ತಾಳಂತೆ. ಹಾಗಾದರೆ ಸಾವಿಗೇನು ಬೆಲೆ, ಇದೇ ಈ ಆಟಗಳ ಎಲ್ಲಕ್ಕಿಂತ ದೊಡ್ಡ ದೋಷ ಎಂದರು ವಿರಾಮಪ್ಪ. ಅತ್ತೆಯವರಿಗೆ ಅದು ದೋಷವಾಗಿ ಕಾಣಲಿಲ್ಲ. ಹೋದವರು ಮತ್ತೆ ಏಳುವುದಾದರೆ ಬೇಡ ಎನ್ನುವವರು ಯಾರು ಎಂದರು.

ಆದರೆ ಒತ್ತುವವರು ಯಾರು? ಸ್ಟೇಷನ್ ಮಾಸ್ಟರರು ನೆಗಡಿಯ ನೆಪ ಹೇಳಿದರು. ವಿರಾಮಪ್ಪನವರ ಹೆಂಡತಿಗೆ ಒಲೆಯ ಮೇಲೆ ಹಾಲಿತ್ತು. ವಿರಾಮಪ್ಪ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು.

“ಕೊಡಿ ಇಲ್ಲಿ,” ಎಂದರು ಅತ್ತೆ.

ಫ್ರಿಜ್ಜಿನ ಮೇಲಿಂದ ಕಂಟ್ರೋಲರ್ ಇಳಿದು ಬಂತು. ಜೀವಮಾನವಿಡೀ ಸ್ವೆಟರ್ ಹೆಣೆದ ಆ ಬೆರಳುಗಳು ಅದನ್ನು ಹಿಡಿದದ್ದೇ ಬೇರೆ ಥರ. ವಿರಾಮಪ್ಪನವರಿಗೆ ನೋಡುವ ಧೈರ್ಯವಾಗಲಿಲ್ಲ. ಅಡುಗೆಮನೆಗೆ ಹೋಗಿ ಬಾಗಿಲ ಮರೆಯಲ್ಲಿ ನಿಂತು ಕಣ್ಣು ಮುಚ್ಚಿದರು. ಆಚೆ ಕಡೆಯಿಂದ ಅಲೆಗಳ ಸದ್ದು ಕೇಳಿಸುತ್ತಿತ್ತು. ಆಮೇಲೆ ಏನೋ ಕರ್ರೆಂದಿತು. ಕತ್ತಿ ಎಳೆದ ಸದ್ದಿರಬೇಕು. ಬುಳಕ್ಕೆಂಬ ಸದ್ದು ಮಾತ್ರ ಬರಲಿಲ್ಲ. ಬಹಳ ಹೊತ್ತಾದರೂ ಬರಲಿಲ್ಲ.

“ಅತ್ತೆ,” ಎಂದು ಕರೆದರು ವಿರಾಮಪ್ಪ, ಕಣ್ಣು ಬಿಡದೆಯೇ. “ಮುಖ ಹೇಗಿದೆ?”

“ಮುಖ ನೋಡೋಕೆ ಪುರುಸೊತ್ತೆಲ್ಲಿದೆ,” ಎಂದರು ಅತ್ತೆ. “ಸ್ವಲ್ಪ ಸುಮ್ನಿರಿ, ಎಡಗಡೆಯಿಂದ ಇನ್ನೊಬ್ಬ ಬಂದ.”